ತೊಳೆದರೆ ಬೋರಿಂಗ್ ‘ಪ್ಯೂರ್’ ಆಗುತ್ತದೆಯೇ? ಅಲ್ಯೂಮಿನಿಯಂ ಗುಜರಿ: ಓದುಗರ ಪ್ರಶ್ನೆಗಳಿಗೆ ಉತ್ತರ

ಪುಣೆಯ ಭೋಸರಿಯಲ್ಲಿ ನಮ್ಮದು ಎರಡು ಸಿಎನ್‌ಸಿ ಮಷಿನ್‌ಗಳ ವರ್ಕ್‌ಶಾಪ್. ಕೆಲಸವೆಲ್ಲ 6061 ಎಂಬ ಅಲ್ಯೂಮಿನಿಯಂ ಗ್ರೇಡಿನಲ್ಲೇ. ಆದರೂ ಭಂಗಾರದವರು (ಗುಜರಿ ಕೊಳ್ಳುವವರು) ಬೋರಿಂಗ್, ಅಂದರೆ ಮಷಿನ್ ಕತ್ತರಿಸಿ ಉದುರಿಸಿದ ಲೋಹದ ಚೂರು, ನೋಡಿ ‘ಮಿಕ್ಸ್ ಮಾಲು’ ಎಂದು ದರ ಇಳಿಸುತ್ತಾರೆ. ಕೆಮಿಕಲ್‌ನಲ್ಲಿ ತೊಳೆದರೆ 99 ಪರ್ಸೆಂಟ್ ಪ್ಯೂರ್ ಆಗುತ್ತದೆ ಎಂದು ಒಬ್ಬರು ಪುಡಿ ಮಾರಲು ಬಂದಿದ್ದಾರೆ. ಕೊಳ್ಳಬಹುದೇ?

ಕೊಳ್ಳಬೇಡಿ. ಈ ಪುಡಿಯ ಪ್ರಶ್ನೆ ಬರುತ್ತಲೇ ಇದೆ, ಆ ಮಾತು ಶುದ್ಧ ಸುಳ್ಳು. 6061 ಬಾರ್ ನಿಮ್ಮ ಅಂಗಡಿಗೆ ಬರುವಾಗಲೇ ಅದರಲ್ಲಿ ಮೆಗ್ನೀಸಿಯಂ 0.8ರಿಂದ 1.2, ಸಿಲಿಕಾನ್ 0.4ರಿಂದ 0.8 ಪರ್ಸೆಂಟ್ ಇರುತ್ತದೆ, ಜೊತೆಗೆ ಚೂರು ತಾಮ್ರ, ಕ್ರೋಮಿಯಂ. ಅವು ಲೋಹದೊಳಗೇ ಬೆರೆತಿವೆ. ಕಲಸಿದ ಹಿಟ್ಟಿನಿಂದ ಉಪ್ಪು ಆರಿಸಿ ತೆಗೆಯಲಾದೀತೇ? ತೊಳೆದರೆ ಹೋಗುವುದು ಎಣ್ಣೆ ಮತ್ತು ಕೂಲಂಟ್ (ಕತ್ತರಿಸುವಾಗ ಸುರಿಯುವ ತಂಪು ದ್ರವ), ಅಷ್ಟೇ. 99.5 ಬೇಕೆನ್ನುವವರಿಗೆ 1050 ಎಂಬ ಗ್ರೇಡ್ ಬೇರೆಯೇ ಇದೆ. ನೀವು ತೋರಿಸಬೇಕಾದ್ದು ‘ಶುದ್ಧ’ ಎಂದಲ್ಲ, ‘ಇದರಲ್ಲಿ 6061 ಬಿಟ್ಟು ಬೇರೇನೂ ಸೇರಿಲ್ಲ’ ಎಂದು.

ಮೊದಲು ಸ್ಯಾಂಪಲ್. ಡ್ರಮ್ಮಿನ ಮೇಲಿನಿಂದ ಒಂದು ಹಿಡಿ ತೆಗೆದರೆ ಅದು ಸ್ಯಾಂಪಲ್ ಅಲ್ಲ. ಭಾರದ ಸಣ್ಣ ಚೂರುಗಳೆಲ್ಲ ತಳದಲ್ಲಿ ಕೂತಿರುತ್ತವೆ. ಡ್ರಮ್ ಪೂರ್ತಿ ಶೀಟಿನ ಮೇಲೆ ಸುರಿದು, ಕಲಸಿ, ಗುಡ್ಡೆ ಮಾಡಿ, ಚಪ್ಪಟೆ ತಟ್ಟಿ ನಾಲ್ಕು ಪಾಲು ಮಾಡಿ. ಎದುರುಬದುರಿನ ಎರಡು ಪಾಲು ಇಟ್ಟುಕೊಂಡು ಉಳಿದದ್ದು ಡ್ರಮ್ಮಿಗೆ. ಒಂದು ಕಿಲೋ ಉಳಿಯುವ ತನಕ ಇದನ್ನೇ ಮಾಡಿ.

ಆ ಒಂದು ಕಿಲೋ ತೂಗಿ, ಬಿಸಿನೀರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ ತೊಳೆಯಿರಿ. ಸೋಡಾ ಬೇಡ, ಅದು ಅಲ್ಯೂಮಿನಿಯಂ ಅನ್ನೇ ತಿನ್ನುತ್ತದೆ. ಎಣ್ಣೆ ಪೂರ್ತಿ ಹೋದ ಮೇಲೆಯೇ 110 ಡಿಗ್ರಿಯ ವರ್ಕ್‌ಶಾಪ್ ಓವನ್‌ನಲ್ಲಿ ಒಣಗಿಸಿ. ಅಡುಗೆಮನೆಯ ಓವನ್ ಬೇಡ, ಬರ್ನರ್ ಅಂತೂ ಬೇಡವೇ ಬೇಡ. ಎರಡು ಸಲ ತೂಗಿದಾಗ ಒಂದೇ ಅಂಕಿ ಬಂದರೆ ಒಣಗಿದೆ ಎಂದರ್ಥ. ಕಡಿಮೆಯಾದ ತೂಕ ಎಣ್ಣೆ ಮತ್ತು ನೀರಿನದು. ಭಂಗಾರದವರ ಜೊತೆ ಮಾತಾಡುವಾಗ ಈ ಅಂಕಿ ನಿಮ್ಮ ಕೈಯಲ್ಲಿರಲಿ. ನಂತರ ಆಯಸ್ಕಾಂತಕ್ಕೆ ಪಾಲಿಥಿನ್ ಸುತ್ತಿ ಮಾಲಿನಲ್ಲಿ ಆಡಿಸಿ. ಹಾಳೆ ಬಿಚ್ಚಿದರೆ ಕಬ್ಬಿಣದ ಚೂರು ತಾನಾಗಿ ಉದುರುತ್ತದೆ, ಅದನ್ನೂ ತೂಗಿ.

ಹಿತ್ತಾಳೆ, ಸತು ಆಯಸ್ಕಾಂತಕ್ಕೆ ಸಿಗುವುದಿಲ್ಲ. ಅದಕ್ಕೆ ಜಾಡಿ ಬೇಕು. ಚಪ್ಪಟೆ ಮುಚ್ಚಳದ ದೊಡ್ಡ ಗಾಜಿನ ಜಾಡಿಗೆ ಅಂಚಿನ ತನಕ ನೀರು ತುಂಬಿ ತೂಗಿ. ಅದೇ ಜಾಡಿಗೆ 270 ಗ್ರಾಂ ಒಣ ಬೋರಿಂಗ್ ಹಾಕಿ, ಮತ್ತೆ ಅಂಚಿನ ತನಕ ನೀರು ತುಂಬಿ ತೂಗಿ. ಅಲ್ಯೂಮಿನಿಯಂ ಸಾಂದ್ರತೆ 2.70, ಆದ್ದರಿಂದ ಹೊರಹೋಗುವ ನೀರು 100 ಗ್ರಾಂ, ತೂಕ ಏರಬೇಕಾದ್ದು 170 ಗ್ರಾಂ. ಅದರಲ್ಲಿ 27 ಗ್ರಾಂ ಹಿತ್ತಾಳೆ ಸೇರಿದ್ದರೆ ಸುಮಾರು 177 ಏರುತ್ತದೆ. 165 ಬಂದರೆ ಮಾಲು ಹಗುರವೆಂದು ತಿಳಿಯಬೇಡಿ. ಸುರುಳಿಗಳ ನಡುವೆ ಗಾಳಿಗುಳ್ಳೆ ನಿಂತಿದೆ. ಒಂದು ಹನಿ ಸೋಪು ಹಾಕಿ, ಕಡ್ಡಿಯಿಂದ ಕದಡಿ, ಮತ್ತೆ ತೂಗಿ. ಒಂದು ಗ್ರಾಂ ತೋರಿಸುವ ತಕ್ಕಡಿ ಸಾಕು.

ಗ್ರೇಡ್ ಬೆರಕೆ ಆಗಿದೆಯೇ ಎಂಬುದಕ್ಕೆ ಕಾಸ್ಟಿಕ್ ಹನಿ. ಕನ್ನಡಕ, ಗ್ಲೌಸ್ ಹಾಕಿಕೊಂಡು 100 ಮಿ.ಲೀ. ನೀರಿಗೆ 10 ಗ್ರಾಂ ಕಾಸ್ಟಿಕ್ ಸೋಡಾ ಹಾಕಿ (ಸೋಡಾಕ್ಕೆ ನೀರು ಸುರಿಯಬೇಡಿ). ಗಾಜಿನ ತಟ್ಟೆಯಲ್ಲಿ ಹತ್ತಿಪ್ಪತ್ತು ಚೂರು ಹರಡಿ, ಒಂದೊಂದಕ್ಕೂ ಒಂದು ಹನಿ. ಗುಳ್ಳೆ ಏಳುವುದು ಹೈಡ್ರೋಜನ್, ಹತ್ತಿರ ಬೆಂಕಿ ಇರಬಾರದು. ಐದು ನಿಮಿಷ ಬಿಟ್ಟು ತೊಳೆದು ನೋಡಿ: 6061 ಚೂರು ಬೆಳ್ಳಗೇ ಉಳಿಯುತ್ತದೆ, ತಾಮ್ರ ಹೆಚ್ಚಿರುವ 2024, 2014 ಗ್ರೇಡಿನ ಚೂರು ಮಸಿಯಂತೆ ಕಪ್ಪಾಗುತ್ತದೆ, 7075ಕ್ಕೂ ಕಪ್ಪು ಛಾಯೆ. ಎಡಿಸಿ12ನಂಥ ಎರಕದ ಮಾಲು ಬೂದುಗಪ್ಪು. ಇಪ್ಪತ್ತರಲ್ಲಿ ಎರಡು ಕಪ್ಪಾದರೂ ಭಂಗಾರದವರು ಹೇಳಿದ್ದೇ ಸರಿ. ಆದರೆ 6061, 6063, 6082 ಇವುಗಳ ವ್ಯತ್ಯಾಸ ಈ ಹನಿಗೆ ಸಿಗದು.

ಅದು ಬೇಕಿದ್ದರೆ ಲ್ಯಾಬ್. ಇಲ್ಲೂ ಹುಷಾರು. ಎಕ್ಸ್‌ಆರ್‌ಎಫ್ ಗನ್ನನ್ನು (ಎಕ್ಸ್-ರೇ ಬಿಟ್ಟು ಧಾತು ಗುರುತಿಸುವ ಕೈಯಂತ್ರ) ಬೋರಿಂಗ್ ಮೇಲೆ ಹಿಡಿದು ಕೊಟ್ಟ ರಿಪೋರ್ಟಿನಲ್ಲಿ ತಾಮ್ರ, ಸತುವಿನ ಅಂಕಿ ಒಂದು ಅಂದಾಜು ಕೊಡುತ್ತದೆ, ಮೆಗ್ನೀಸಿಯಂ, ಸಿಲಿಕಾನ್ ಅಂಕಿ ನಂಬಬೇಡಿ. ಆ ಹಗುರ ಧಾತುಗಳಲ್ಲಿ ಗನ್ ದುರ್ಬಲ. ಫೌಂಡ್ರಿಯಲ್ಲಿ ಕರಗಿಸಿ ಬಟನ್ (ಸಣ್ಣ ಬಿಲ್ಲೆ) ಎರೆಸಿ, ಮುಖ ಚಪ್ಪಟೆ ಮಾಡಿಸಿ, ಸ್ಪೆಕ್ಟ್ರೋ (ಕಿಡಿಯ ಬೆಳಕಿನಿಂದ ಧಾತು ಅಳೆಯುವ ಪರೀಕ್ಷೆ) ಮಾಡಿಸಿ. ಕರಗುವಾಗ ಸ್ವಲ್ಪ ಮೆಗ್ನೀಸಿಯಂ ಉರಿದುಹೋಗುತ್ತದೆ, ಬಾರ್‌ನ ಸರ್ಟಿಫಿಕೇಟಿಗಿಂತ ಕಡಿಮೆ ಕಂಡರೆ ಗಾಬರಿ ಬೇಡ. ಒದ್ದೆ ಬೋರಿಂಗ್ ಕಳಿಸಬೇಡಿ, ಕರಗಿದ ಲೋಹದೊಳಗೆ ಸಿಕ್ಕ ನೀರು ಆವಿಯಾಗಿ ಸಿಡಿದು ಎದುರು ನಿಂತವರ ಮುಖ ಸುಡುತ್ತದೆ.

ಇಷ್ಟೆಲ್ಲ ಮಾಡಿದರೂ, ಮಟೀರಿಯಲ್ ಬದಲಿಸುವಾಗ ಟ್ರೇ ಗುಡಿಸದಿದ್ದರೆ ಮುಂದಿನ ಡ್ರಮ್ ಮತ್ತೆ ಮಿಕ್ಸ್. ಡ್ರಮ್ಮಿನ ಮೇಲೆ ಗ್ರೇಡ್ ಬರೆದಿಡಿ, ಒಂದು ಡ್ರಮ್ಮಿಗೆ ಒಂದೇ ಗ್ರೇಡ್.

ಚಾಕಣ್: ಮುಚ್ಚಿದ ಡ್ರಮ್ಮಿನಲ್ಲಿ ಒದ್ದೆ ಬೋರಿಂಗ್ ಬೆಚ್ಚಗಾಗಿ ಮುಚ್ಚಳ ಉಬ್ಬಿದೆ.

ನೀರು ಮತ್ತು ಅಲ್ಯೂಮಿನಿಯಂ ಸೇರಿ ಹೈಡ್ರೋಜನ್ ಆಗುತ್ತಿದೆ. ಮೊದಲು ವೆಲ್ಡಿಂಗ್, ಗ್ರೈಂಡಿಂಗ್ ನಿಲ್ಲಿಸಿ, ಎಲ್ಲರನ್ನೂ ದೂರ ಕಳಿಸಿ, ಫೈರ್ ಬ್ರಿಗೇಡ್‌ಗೆ 101ಕ್ಕೆ ಕರೆ ಮಾಡಿ. ಉಬ್ಬಿದ ಮುಚ್ಚಳವನ್ನು ನೀವಾಗಿ ಬಡಿದು ತೆಗೆಯಬೇಡಿ. ಇನ್ನು ಮುಂದೆ ನೀರು ಬಸಿದು, ಗಾಳಿಯಾಡುವ ಡ್ರಮ್ಮಿನಲ್ಲೇ ಇಡಿ.

ಪಿಂಪ್ರಿ: ಬೋರಿಂಗನ್ನು ಮಿಕ್ಸರ್‌ನಲ್ಲಿ ಪುಡಿ ಮಾಡಿ ಪೇಂಟ್‌ನವರಿಗೆ ಮಾರಬಹುದೇ?

ಖಂಡಿತ ಬೇಡ. ಗಾಳಿಯಲ್ಲಿ ತೇಲುವ ಅಲ್ಯೂಮಿನಿಯಂ ಧೂಳು ಒಂದು ಕಿಡಿಗೆ ಸ್ಫೋಟಿಸುತ್ತದೆ. ಚೀನಾದ ಕುನ್‌ಶಾನ್‌ನಲ್ಲಿ 2014ರ ಆಗಸ್ಟ್ 2ರಂದು ಚಕ್ರ ಪಾಲಿಶ್ ಮಾಡುವ ಕಾರ್ಖಾನೆಯಲ್ಲಿ ಇದೇ ಧೂಳಿಗೆ ಬೆಂಕಿ ತಗುಲಿ 146 ಜನ ಸತ್ತರು. ಅವರು ಪುಡಿ ಮಾಡಲು ಹೊರಟವರೂ ಅಲ್ಲ, ಪಾಲಿಶ್‌ನ ಧೂಳು ಗುಡಿಸದೆ ಬಿಟ್ಟಿದ್ದರು. ಬೋರಿಂಗನ್ನು ಬೋರಿಂಗಾಗಿಯೇ ಮಾರಿ.

ಬೋರಿಂಗ್‌ಗೆ ಬೆಂಕಿ ಬಿದ್ದರೆ ನೀರು ಹಾಕಬಹುದೇ?

ಇಲ್ಲ. ಒಣ ಮರಳನ್ನು ಸಲಿಕೆಯಿಂದ ಮೆಲ್ಲಗೆ, ಧೂಳೆಬ್ಬಿಸದಂತೆ ಮುಚ್ಚಿ. ಲೋಹದ ಬೆಂಕಿಗೆಂದೇ ಇರುವ ಡಿ ಕ್ಲಾಸ್ ಸಿಲಿಂಡರ್ ಒಂದು ಬಾಗಿಲ ಬಳಿ ಇರಲಿ.

ಬೆಳ್ಳಗಿದೆ, ಆಯಸ್ಕಾಂತಕ್ಕೆ ಅಂಟದು. ಅಲ್ಯೂಮಿನಿಯಂ ಅಲ್ಲವೇ?

ಸತುವೂ ಹಾಗೇ, 304 ಸ್ಟೇನ್‌ಲೆಸ್ ಸ್ಟೀಲೂ ಬಹುಮಟ್ಟಿಗೆ ಹಾಗೇ. ಮೇಲಿನ ಜಾಡಿ ಪರೀಕ್ಷೆ ಮಾಡಿ.