ಬೆಳಗಿನ ಕಾಫಿಗೂ ಥೈರಾಯ್ಡ್ ಮಾತ್ರೆಗೂ ಆಗಿಬರಲ್ಲ

ಪ್ರಶ್ನೆ: ಡಾಕ್ಟ್ರೇ, ನಂಗೆ 38 ವರ್ಷ, ಸಣ್ಣ ಕಾಫಿ ತೋಟ ಇದೆ. ಹಣ್ಣು ಕುಯ್ಯೋ ಟೈಮಲ್ಲಿ ಕಣದಲ್ಲಿ ಎಲ್ರೂ ಬೆವರ್ತಿದ್ರೆ ನಾನೊಬ್ಳೇ ಸ್ವೆಟರ್ ಹಾಕ್ಕೊಂಡು ಕೂತಿರ್ತಿದ್ದೆ, ಸುಸ್ತು, ಮಲಬದ್ಧತೆ, ಬಾಚಣಿಗೆ ತುಂಬಾ ಕೂದಲು. ಅತ್ತೆ ಸೋಮಾರಿತನ ಅಂದ್ರು. ಟೆಸ್ಟಲ್ಲಿ ಟಿಎಸ್‌ಎಚ್ 14 ಬಂತು. 50 ಮೈಕ್ರೋಗ್ರಾಂ ಥೈರಾಯ್ಡ್ ಮಾತ್ರೆ ಶುರುವಾಗಿ ಮೂರು ತಿಂಗ್ಳು, ಒಂದಿನಾನೂ ತಪ್ಸಿಲ್ಲ, ಬೆಳಿಗ್ಗೆ ಐದೂವರೆಗೆ ಕಾಫಿ ಜೊತೆ ನುಂಗ್ತೀನಿ, ರಕ್ತ ಕಮ್ಮಿ ಅಂತ ಕೊಟ್ಟ ಐರನ್ ಮಾತ್ರೆನೂ ಆಗ್ಲೇ. ಆದ್ರೂ ಟಿಎಸ್‌ಎಚ್ ಈಗ 9 ಇದೆ. ಡೋಸ್ ಜಾಸ್ತಿ ಮಾಡ್ಕೊಳ್ಳಾ? ಎಲೆಕೋಸು ಥೈರಾಯ್ಡಿಗೆ ಆಗಲ್ಲ ಅಂತಾರೆ, ಬಿಡ್ಬೇಕಾ?
– ಓದುಗರು, ಮೂಡಿಗೆರೆ ತಾಲೂಕು

ಉತ್ತರ: ನಿಮ್ಮ ಪತ್ರದಲ್ಲೇ ಉತ್ತರ ಇದೆ ಕಣಮ್ಮ, ಆ ಐದೂವರೆ ಕಾಫಿ. ಟಿಎಸ್‌ಎಚ್ ಅನ್ನೋ ಹಾರ್ಮೋನು ತೋಟದ ಮೇಸ್ತ್ರಿ ಕೂಗು ಇದ್ದಂಗೆ, ಕುತ್ತಿಗೆಯಲ್ಲಿರೋ ಥೈರಾಯ್ಡ್ ಗ್ರಂಥಿ ಕೆಲ್ಸದಲ್ಲಿ ನಿಧಾನ ಆದಷ್ಟೂ ಮೆದುಳಿನ ಕೆಳಗಿರೋ ಪಿಟ್ಯುಟರಿ ಗ್ರಂಥಿ ಜೋರಾಗಿ ಕೂಗುತ್ತೆ, ನಂಬರ್ ಏರುತ್ತೆ. ನಾರ್ಮಲ್ ಅಂದ್ರೆ ಸುಮಾರು 0.4ರಿಂದ 4. ನೀವು ಮಾತ್ರೆ ನುಂಗ್ತಿರೋದೇನೋ ನಿಜ, ಆದ್ರೆ ಕಾಫಿ ಮತ್ತೆ ಐರನ್ ಸೇರ್ಕೊಂಡು ಅದನ್ನ ಪೂರ್ತಿ ರಕ್ತಕ್ಕೆ ಹೋಗೋಕೆ ಬಿಡ್ತಿಲ್ಲ.

ಮೂಡಿಗೆರೆಯೋರಿಗೆ ಕಾಫಿ ಬಿಡಿ ಅನ್ನೋ ಧೈರ್ಯ ನಂಗಿಲ್ಲ, ನಾನೂ ಕುಡಿಯೋಳೇ. ಎದ್ದ ತಕ್ಷಣ ಬರೀ ನೀರಲ್ಲಿ ಮಾತ್ರೆ ನುಂಗಿ, ಹಾಲು ಕರೆದು ಒಲೆ ಹಚ್ಚಿ, ಅರ್ಧದಿಂದ ಒಂದು ಗಂಟೆ ಬಿಟ್ಟು ಕಾಫಿ ಕುಡೀರಿ. ಐರನ್ನು, ಕ್ಯಾಲ್ಸಿಯಂ ಇದ್ರೆ ಅದೂನು, ಕನಿಷ್ಠ ನಾಲ್ಕು ಗಂಟೆ ಆದ್ಮೇಲೆ, ಮಧ್ಯಾಹ್ನದ ಊಟದ ಹೊತ್ತಿಗೆ ಇಟ್ಕೊಳ್ಳಿ. ಬೆಳಿಗ್ಗೆ ಆಗೋದೇ ಇಲ್ಲ ಅಂದ್ರೆ ರಾತ್ರಿ ಊಟ ಆಗಿ ಮೂರು ಗಂಟೆ ಮೇಲೆ ತಗೊಂಡ್ರೂ ನಡೆಯುತ್ತೆ. ಡಬ್ಬಿನ ಒಲೆ ಮೇಲಿನ ಅಟ್ಟದಲ್ಲಿ ಇಡ್ಬೇಡಿ, ಮಳೆಗಾಲದ ಥಂಡಿಗೆ ಹಪ್ಪಳ ಮೆತ್ತಗಾಗೋ ಊರು ನಮ್ದು, ಈ ಮಾತ್ರೆಗೂ ತೇವ, ಶಾಖ ಎರಡೂ ಆಗ್ಬರಲ್ಲ.

ಬೇಯಿಸಿದ ಕೋಸು ತಿನ್ನಿ, ಏನೂ ಆಗಲ್ಲ. ಮಲೆನಾಡಲ್ಲಿ ಹಿಂದೆ ಗಳಗಂಡ ಜಾಸ್ತಿ ಇತ್ತು, ಅದು ಅಯೋಡಿನ್ ಕೊರತೆಯ ಕಥೆ, ಈಗ ಅಯೋಡಿನ್ ಉಪ್ಪು ತಿನ್ನೋರಲ್ಲಿ ಕಾಣೋದು ಹೆಚ್ಚಾಗಿ ಹಶಿಮೊಟೊ, ಅಂದ್ರೆ ದೇಹದ ರಕ್ಷಣಾ ವ್ಯವಸ್ಥೆನೇ ಗ್ರಂಥಿ ಮೇಲೆ ಬೀಳೋದು. ಅದಕ್ಕೆ ಉಪ್ಪು ಜಾಸ್ತಿ ಹಾಕ್ಕೊಂಡು ಪ್ರಯೋಜನ ಇಲ್ಲ. ಅತ್ತೆಯವ್ರಿಗೂ ಹೇಳಿ, ಇದು ಸೋಮಾರಿತನ ಅಲ್ಲ. ಮುಟ್ಟು ಜಾಸ್ತಿ ಹೋಗಿ ರಕ್ತ ಕಮ್ಮಿ ಆಗೋದೂ ಎಷ್ಟೋ ಸಲ ಇದ್ರಿಂದಾನೇ.

ಕೂದಲಿಗೆ ಅಂತ ಬಯೋಟಿನ್ ಅನ್ನೋ ವಿಟಮಿನ್ ಮಾತ್ರೆ ತಗೋತಿದ್ರೆ ಟೆಸ್ಟಿಗೆ ಎರಡು ದಿನ ಮುಂಚೆ ನಿಲ್ಸಿ, ರಿಪೋರ್ಟ್ ತಪ್ಪಾಗಿ ಬರ್ಬಹುದು. ಮುಟ್ಟು ನಿಂತು ಬಸಿರು ಅಂತ ಅನುಮಾನ ಬಂದ್ರೆ ಕಾಯದೆ ಅದೇ ವಾರ ಡಾಕ್ಟರ್ ಹತ್ರ ಹೋಗಿ, ಆಗ ಡೋಸ್ ಸಾಮಾನ್ಯವಾಗಿ ಏರಿಸ್ಬೇಕಾಗುತ್ತೆ.

ಡೋಸ್ ನೀವಾಗೇ ಏರಿಸ್ಬೇಡಿ, ಕಾಫಿ ವಿಷಯ ನಿಮ್ಮ ಡಾಕ್ಟ್ರಿಗೆ ಹೇಳಿ, ಹೊಸ ಟೈಮಲ್ಲಿ ತಗೊಂಡು 6–8 ವಾರಕ್ಕೆ ಮತ್ತೆ ಟೆಸ್ಟ್ ಮಾಡ್ಸಿ. ಈ ಔಷಧಿ ಮೈಯಲ್ಲಿ ಅರ್ಧ ಇಳಿಯೋಕೇ ಸುಮಾರು ಏಳು ದಿನ ಬೇಕು, ಹೊಸ ಮಟ್ಟ ನೆಲೆ ನಿಲ್ಲೋಕೆ ವಾರಗಳೇ ಹಿಡಿಯುತ್ತೆ, ಅದಕ್ಕೆ ಹದಿನೈದು ದಿನಕ್ಕೆಲ್ಲ ಟೆಸ್ಟ್ ಮಾಡ್ಸಿದ್ರೆ ದುಡ್ಡು ದಂಡ. ಆಮೇಲೂ 9ರ ಹತ್ರನೇ ನಿಂತಿದ್ದು ಡಾಕ್ಟ್ರು 75 ಬರೆದ್ರೆ ಬೇಡ ಅನ್ಬೇಡಿ.