ಹಿಂಸೆ ನಿಲ್ಲದ ಲೋಕದಲ್ಲಿ ಆಗಮನ ಕಾಲದ ಶಾಂತಿಯ ನಿರೀಕ್ಷೆಗೆ ಅರ್ಥವಿದೆಯೇ?

ಇದೆ. ಕ್ರಿಸ್ಮಸ್‌ಗೆ ಮುಂಚೆ ಕ್ರೈಸ್ತರು ಆಚರಿಸುವ ಆಗಮನ ಕಾಲದ ಈ ನಿರೀಕ್ಷೆ ಹುಟ್ಟಿದ್ದೇ ಹಿಂಸೆಯ ನಡುವೆ. ಕತ್ತಿಗಳು ನೇಗಿಲ ಗುಳಗಳಾಗುವ ದಿನವನ್ನು ಸಾರಿದ (ಯೆಶಾಯ 2:4) ಪ್ರವಾದಿಯ ಕಾಲದಲ್ಲಿ ಅಸ್ಸೀರಿಯದ ಸೇನೆ ಸುತ್ತಲಿನ ರಾಜ್ಯಗಳನ್ನು ನುಂಗುತ್ತಿತ್ತು. ಯೇಸು ಹುಟ್ಟಿದಾಗ ರಾಜ ಹೆರೋದ ಬೆತ್ಲೆಹೇಮಿನಲ್ಲಿ ಎರಡು ವರ್ಷದೊಳಗಿನ ಗಂಡುಮಕ್ಕಳನ್ನು ಕೊಲ್ಲಿಸಿದ (ಮತ್ತಾಯ 2:16). ಈ ವಚನವನ್ನು ಬಿಟ್ಟು ಕ್ರಿಸ್ಮಸ್ ಕಥೆ ಓದುವವರೇ ಹೆಚ್ಚು. ಹಾಗೆ ಓದಿದರೆ ಶಾಂತಿ ಬರೀ ಅಲಂಕಾರದ ಮಾತಾಗುತ್ತದೆ.

ಆಗಮನ ಕಾಲ ಬಂದ ಕ್ರಿಸ್ತನನ್ನು ನೆನೆಯುತ್ತದೆ, ಮತ್ತೆ ಬರುವವನಿಗಾಗಿ ಕಾಯುತ್ತದೆ. ಶಾಂತಿಯ ರಾಜ್ಯ ಶುರುವಾಗಿದೆ, ಇನ್ನೂ ಪೂರ್ತಿಯಾಗಿಲ್ಲ. ಯುದ್ಧದ ಸುದ್ದಿ ಕೇಳಿ ಅಳುವುದು ಅಪನಂಬಿಕೆಯಲ್ಲ, ಆ ಕಾಯುವಿಕೆಯದೇ ಭಾಗ.

ನಾಲ್ಕು ಭಾನುವಾರಗಳ ಈ ಕಾಲ ನವೆಂಬರ್ 27ರಿಂದ ಡಿಸೆಂಬರ್ 3ರೊಳಗೆ ಬರುವ ಭಾನುವಾರ ಶುರುವಾಗುತ್ತದೆ. ಹಲವು ಕ್ರೈಸ್ತ ಸಭೆಗಳಲ್ಲಿ ವಾರಕ್ಕೊಂದರಂತೆ ಹಚ್ಚುವ ಮೇಣದಬತ್ತಿಗಳಲ್ಲಿ ಎರಡನೆಯದು ಶಾಂತಿಯದು. ಅದನ್ನು ಹಚ್ಚುವಾಗ 85ನೇ ಕೀರ್ತನೆ ಓದಿ. ನ್ಯಾಯವಿಲ್ಲದ ಶಾಂತಿಯನ್ನು ಅದು ಒಪ್ಪುವುದಿಲ್ಲ. 'ಎಲ್ಲರಿಗೂ ಶಾಂತಿ ಸಿಗಲಿ' ಎಂಬ ಪ್ರಾರ್ಥನೆ ಬೇಗ ಸವೆದುಹೋಗುತ್ತದೆ, ಆದ್ದರಿಂದ ಯುದ್ಧ ನಡೆಯುತ್ತಿರುವ ಒಂದು ಊರನ್ನು ಹೆಸರು ಹಿಡಿದು ನಾಲ್ಕೂ ವಾರ ಪ್ರಾರ್ಥಿಸಿ. ಮನಸ್ತಾಪವಿರುವ ಒಬ್ಬರೊಂದಿಗೆ ಕ್ರಿಸ್ಮಸ್‌ಗೆ ಮುಂಚೆಯೇ ಮಾತಾಡಿ. ಕಾಣಿಕೆಗಿಂತ ಮೊದಲು ಸಮಾಧಾನ ಎಂದು ಮತ್ತಾಯ 5:23-24 ಹೇಳುತ್ತದೆ.