ಇರುವ ನಟರಿಗಾಗಿ ಬರೆಯುವುದು

ಮಾನ್ಯರೇ,

ಹವ್ಯಾಸಿ ತಂಡಕ್ಕಾಗಿ ನೀವು ಬರೆದ ನಾಟಕದಲ್ಲಿ ಒಂಬತ್ತು ಗಂಡು ಪಾತ್ರಗಳಿದ್ದು, ತಾಲೀಮಿಗೆ ಬಂದವರಲ್ಲಿ ಹೆಚ್ಚಿನವರು ಮಹಿಳೆಯರೇ ಆಗಿದ್ದರಿಂದ ನಿರ್ದೇಶಕರು ಗುಮಾಸ್ತ ಮತ್ತು ನೆರೆಯವನ ಪಾತ್ರಗಳನ್ನು ಒಂದಾಗಿಸಿ, ನಾಯಕನ ದೀರ್ಘ ಸ್ವಗತವನ್ನು ಅರ್ಧಕ್ಕೆ ಇಳಿಸಿದ್ದಾರೆಂದು ಬರೆದಿದ್ದೀರಿ. ಇರುವ ನಟರಿಗೆ ತಕ್ಕಂತೆ ಕೃತಿಯನ್ನು ತಿದ್ದುವುದು ಸಾಹಿತ್ಯಕ್ಕೆ ಬಗೆಯುವ ಅನ್ಯಾಯವಲ್ಲವೇ ಎಂಬುದು ನಿಮ್ಮ ಪ್ರಶ್ನೆ.

ನಮಗೆ ಹಾಗೆ ತೋರುವುದಿಲ್ಲ. 1600ರಲ್ಲಿ ಅಚ್ಚಾದ ಶೇಕ್ಸ್‌ಪಿಯರನ ‘ಮಚ್ ಅಡೂ ಅಬೌಟ್ ನಥಿಂಗ್’ ನಾಟಕದ ಪ್ರತಿಯಲ್ಲಿ, ಡಾಗ್‌ಬೆರಿ ಮತ್ತು ವರ್ಜಿಸ್ ಎಂಬ ಹಾಸ್ಯಪಾತ್ರಗಳು ಆಡುವ ಮಾತುಗಳ ಮುಂದೆ ಒಂದೆಡೆ ಪಾತ್ರದ ಹೆಸರಿಗೆ ಬದಲಾಗಿ ಕೆಂಪ್, ಕೌಲಿ ಎಂಬ ನಟರ ಹೆಸರುಗಳೇ ಉಳಿದುಕೊಂಡಿವೆ. ಬರೆಯುವಾಗ ಆ ಇಬ್ಬರ ದನಿಯೇ ಅವನ ಕಿವಿಯಲ್ಲಿದ್ದಿರಬೇಕೆಂಬ ಊಹೆ ಸಹಜವಾದುದು. ವೃತ್ತಿ ತಂಡವೊಂದರ ಪಾಲುದಾರನಾಗಿದ್ದವನೇ ಹೀಗೆ ಬರೆದಿರುವಾಗ, ಹಗಲೆಲ್ಲ ದುಡಿದು ಸಂಜೆ ತಾಲೀಮಿಗೆ ಬರುವವರಿಗಾಗಿ ಬರೆಯುವ ನೀವು ಅದನ್ನು ಕೀಳೆಂದು ಭಾವಿಸಬೇಕಾಗಿಲ್ಲ.

ಆದರೆ ತಿದ್ದುಪಡಿಗಳೆಲ್ಲ ಒಂದೇ ಬಗೆಯವಲ್ಲ. ಗುಟ್ಟು ಹೇಳುವ ಗುಮಾಸ್ತನನ್ನೂ ಅದನ್ನು ಕೇಳಿ ಎಲ್ಲೆಡೆ ಹರಡುವ ನೆರೆಯವನನ್ನೂ ಒಂದೇ ಪಾತ್ರವಾಗಿಸಿದರೆ ಗುಟ್ಟು ರಟ್ಟಾಗುವ ದಾರಿಯೇ ಮುಚ್ಚಿಹೋಗುತ್ತದೆ. ಇಲ್ಲಿ ನಿಮ್ಮ ಅಸಮಾಧಾನ ನ್ಯಾಯವಾದುದು. ಆದರೂ ಗುಮಾಸ್ತ ಗಂಡಸೇ ಆಗಿರಬೇಕೆಂಬ ನಿರ್ಬಂಧ ನಿಮ್ಮ ಕಥೆಯಲ್ಲಿಲ್ಲ. ಆ ಪಾತ್ರವನ್ನು ಹೆಣ್ಣಾಗಿಸಿ, ಅದಕ್ಕೆ ತಕ್ಕ ಮಾತುಗಳನ್ನು ನೀವೇ ಬರೆದುಕೊಟ್ಟಿದ್ದರೆ ಪಾತ್ರಗಳನ್ನು ಬೆಸೆಯುವ ಪ್ರಮೇಯವೇ ಬರುತ್ತಿರಲಿಲ್ಲ.

ಸ್ವಗತದ ವಿಷಯ ಬೇರೆ. ನೀವು ಲಗತ್ತಿಸಿದ ಪುಟಗಳನ್ನು ಗಟ್ಟಿಯಾಗಿ ಓದಿ ನೋಡಿದೆವು. ನಾಯಕ ತನ್ನ ಪಶ್ಚಾತ್ತಾಪವನ್ನು ವಿವರಿಸತೊಡಗುವ ಮೊದಲೇ, ಕೈಯಲ್ಲಿದ್ದ ಕರಾರುಪತ್ರವನ್ನು ಅವನು ಹಿಂದಿರುಗಿಸುವ ಕ್ರಿಯೆಯಿಂದ ಪ್ರೇಕ್ಷಕರಿಗೆ ಅದು ತಿಳಿದುಹೋಗಿರುತ್ತದೆ. ಕತ್ತರಿ ಸರಿಯಾದ ಜಾಗದಲ್ಲೇ ಬಿದ್ದಿದೆ. (ಕೆಲವು ಸೊಗಸಾದ ವಾಕ್ಯಗಳೂ ಹೋದವೆಂಬುದು ನಿಜ, ಪುಸ್ತಕ ಮಾಡುವಾಗ ಅವನ್ನು ಸೇರಿಸಿಕೊಳ್ಳಿ.)

ಮುಂದಿನ ನಾಟಕಕ್ಕೆ ಪಾತ್ರಹಂಚಿಕೆಗೂ ಮುನ್ನ ಇಡೀ ತಂಡ ಕುಳಿತು ಓದುವ ಏರ್ಪಾಡು ಮಾಡಿಕೊಳ್ಳಿ. ನಾಲಿಗೆ ತೊಡರುವ ವಾಕ್ಯ, ಒಬ್ಬರಂತೆಯೇ ಮಾತನಾಡುವ ಇಬ್ಬರು, ಮಾತಿಲ್ಲದೆ ಬಹಳ ಹೊತ್ತು ರಂಗದ ಮೇಲೆ ನಿಂತಿರಬೇಕಾದ ಪಾತ್ರ, ಇವೆಲ್ಲ ಅಲ್ಲಿಯೇ ಬಯಲಾಗುತ್ತವೆ. ತಿದ್ದುವುದಕ್ಕೆ ಒಂದು ಗಡುವನ್ನೂ ನಿರ್ದೇಶಕರೊಂದಿಗೆ ಗೊತ್ತುಪಡಿಸಿ. ಬಾಯಿಪಾಠವಾದ ಮಾತನ್ನು ಕೊನೆಗಳಿಗೆಯಲ್ಲಿ ಬದಲಿಸಿದರೆ ನಟರು ಹಳೆಯದನ್ನೂ ಹೊಸದನ್ನೂ ಬೆರೆಸಿಬಿಡುತ್ತಾರೆ, ಆ ಮಾತನ್ನೇ ಕಾಯುತ್ತಿದ್ದ ಎದುರು ಪಾತ್ರಧಾರಿ ಪ್ರವೇಶ ತಪ್ಪುತ್ತಾರೆ.

ನಾಟಕವನ್ನು ಪ್ರಕಟಣೆಗೆ ಪರಿಶೀಲಿಸಬೇಕೆಂದು ಕೋರಿದ್ದೀರಿ. ಪ್ರದರ್ಶನ ಮುಗಿದ ಮೇಲೆ, ಮರೆಯಲ್ಲಿದ್ದು ನಟರಿಗೆ ಮಾತು ನೆನಪಿಸುವ ಪ್ರಾಂಪ್ಟರ್ ಕೈಯಲ್ಲಿದ್ದ, ಗೀಟು-ಗುರುತುಗಳೆಲ್ಲ ಇರುವ ಪ್ರತಿಯನ್ನೇ ಕಳುಹಿಸಿಕೊಡಿ. ಗುಮಾಸ್ತನ ದೃಶ್ಯವನ್ನು ಮಾತ್ರ ಈ ವಾರವೇ ನಿರ್ದೇಶಕರೊಂದಿಗೆ ಕುಳಿತು ಸರಿಪಡಿಸಿಕೊಳ್ಳುವುದು ಒಳ್ಳೆಯದು.

– ಸಂಪಾದಕ